ಒರೆಸದೆ ಉಳಿಸಿದ ಚೌಕ

ಈಗ ಹೋಗುತ್ತಿದ್ದಾನೆ — ಅಲ್ಲ, ಮೋಡ ಸರಿಯಿತು, ಎದುರು ಕಟ್ಟಡದ ಗಾಜಿಗೆ ಬಿಸಿಲು ಬಿದ್ದು ಅಲ್ಲಿಂದ ಇಲ್ಲಿಗೆ ಚಿಮ್ಮಿತು, ಈಗ ಬರುತ್ತಿದ್ದಾನೆ, ಉಗುರಿನಷ್ಟೆತ್ತರದ ಮನುಷ್ಯ, ಕುಂಚದ ಮೂರೋ ನಾಲ್ಕೋ ಎಳೆತ, ತಲೆ ಎಂದುಕೊಂಡರೆ ತಲೆ, ಟೋಪಿ ಎಂದುಕೊಂಡರೆ ಟೋಪಿ, ನದಿಯ ಆಚೆ ದಂಡೆಯ ಮೇಲೆ ಕಂದು ಮಬ್ಬಿನೊಳಗೆ ನಿಂತಿದ್ದಾನೆ, ಬೆನ್ನು ಹಾಕಿ ನಿಂತಿದ್ದಾನೋ ಮುಖ ಮಾಡಿ ನಿಂತಿದ್ದಾನೋ ಬರೆದ ಬ್ರಹ್ಮನೇ ಬಂದು ಹೇಳಬೇಕು. ಅವಳು ಹತ್ತಿ ಸುತ್ತಿದ ಕಡ್ಡಿಯನ್ನು ತುಟಿಯ ಹತ್ತಿರ ಹಿಡಿದು ಕೂತಿದ್ದಾಳೆ, ಬೆಳಗಿನಿಂದ ಇದೇ ಆಟ, ಕಡ್ಡಿಯನ್ನು ನಾಲಿಗೆಗೆ ತಾಗಿಸುವುದು, ಒರೆಸದೆ ಕೆಳಗಿಡುವುದು, ಒಣಗಿದ ಮೇಲೆ ಇನ್ನೊಂದು ಕಡ್ಡಿಗೆ ಹತ್ತಿ ಸುತ್ತುವುದು. ಮೇಲಿನ ಕೊಳೆಗೆ ಎಂಜಲಿನಷ್ಟು ಒಳ್ಳೆಯ ಮದ್ದಿಲ್ಲ, ಹದವಾಗಿ ಬೆಚ್ಚಗಿರುತ್ತದೆ, ಬಣ್ಣವನ್ನು ನೋಯಿಸುವುದಿಲ್ಲ, ಹಳೆಯ ಚಿತ್ರ ದುರಸ್ತಿ ಮಾಡುವವರೆಲ್ಲ ಹೀಗೇ, ನನ್ನ ಹೆಂಡ್ತಿ ಬಾಯಿಂದಾನೇ ಬದುಕ್ತಾಳೆ, ಮಾತಾಡಿ ಅಲ್ಲ, ಉಗುಳಿ ಎಂದು ಅವಳ ಗಂಡ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ, ನಕ್ಕವರು ಆಮೇಲೆ ಅವಳು ತಂದಿಟ್ಟ ಚಹಾದ ಲೋಟವನ್ನು ಒಮ್ಮೆ ಓರೆಗಣ್ಣಿಂದ ನೋಡಿಯೇ ಎತ್ತಿಕೊಳ್ಳುತ್ತಿದ್ದರು — ನಗಿಸುತ್ತಿದ್ದ, ಹೇಳುತ್ತಿದ್ದ, ನೋಡುತ್ತಿದ್ದರು, ಅವನ ಮಾತು ಬಂದಾಗಲೆಲ್ಲ ಕ್ರಿಯಾಪದಗಳಿಗೂ ಬೆನ್ನು ಬಂದುಬಿಡುತ್ತದೆ, ಎಲ್ಲವೂ ಆ ಕಡೆಗೇ ನಡೆಯುತ್ತವೆ.

ಚಿತ್ರದ ಉಳಿದ ಭಾಗವೆಲ್ಲ ಬೆಳಗಾಗಿದೆ. ಅದೇ ತೊಂದರೆ. ಇಷ್ಟು ವರ್ಷ ಇದು ಸಂಗ್ರಹಾಲಯದ ಮೆಟ್ಟಿಲ ತಿರುವಿನಲ್ಲಿ, ನದಿಯಲ್ಲಿ ಸಂಜೆ ಎಂಬ ಹೆಸರು ಹೊತ್ತು, ತೂಗುತ್ತಿತ್ತು, ಎದುರಿಗೊಂದು ಬೆಂಚು, ಪ್ರೀತಿ ಮುರಿದವರು, ಮಂಡಿ ನೋಯುವವರು, ಎಲ್ಲರೂ ಅಲ್ಲಿ ಕೂತು ಒಂದು ನಿಟ್ಟುಸಿರು ಬಿಟ್ಟು ಏಳುತ್ತಿದ್ದರು, ಆ ಜೇನುಬಣ್ಣದ ಬೆಳಕು ಹಾಗಿತ್ತು, ದಿನ ಮುಗಿಯಿತು, ಇನ್ನು ಮನೆಗೆ ಹೋಗಬಹುದು ಎನ್ನುವಂಥ ಬೆಳಕು, ಆದರೆ ಆ ಬೆಳಕನ್ನು ಚಿತ್ರಕಾರ ಬರೆದೇ ಇರಲಿಲ್ಲ, ಅದು ವಾರ್ನಿಷ್, ಬಣ್ಣದ ಕಾವಲಿಗೆಂದು ಮೇಲೆ ಬಳಿದು ಹಳತಾಗಿ ಹಳದಿಗಟ್ಟಿದ ವಾರ್ನಿಷ್, ಅದರ ಮೇಲೆ ದೀಪದ ಹೊಗೆ, ನಿಟ್ಟುಸಿರು ಬಿಟ್ಟವರ ಉಸಿರು. ಮೊದಲು ಎಂಜಲಿನಿಂದ ಹೊಗೆಯ ಮಸಿ, ಆಮೇಲೆ ಸೀಸೆಯ ದ್ರಾವಕದಿಂದ ವಾರ್ನಿಷ್, ಹತ್ತಿಯ ತುದಿಗೆ ಮೊದಲು ಬೂದು ಬರುತ್ತದೆ, ಆಮೇಲೆ ಹಳದಿ, ದಿನಕ್ಕೊಂದು ಅಂಗೈಯಷ್ಟು ಜಾಗ, ಬಲ ಮೂಲೆಯಿಂದ ಶುರುಮಾಡಿ ಒರೆಸುತ್ತ ಬಂದ ಹಾಗೆ ಸಂಜೆ ಸಿಪ್ಪೆಯಂತೆ ಎದ್ದು ಬಂತು, ಕೆಳಗೆ ಚಳಿ ಇತ್ತು, ಸೂರ್ಯ ಈಗಷ್ಟೇ ಎದ್ದ ಹೊತ್ತು, ಹಾಲು ಚೆಲ್ಲಿದಂಥ ಮಂಜು, ನೀರಿನ ಮೇಲೆ ಹಸಿರು ನೀಲಿ ಗುಲಾಬಿ ಚೂರುಗಳು, ಹತ್ತಿರ ಹೋದರೆ ಬರೀ ಚೂರುಗಳು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು. ಇಂಪ್ರೆಷನಿಸ್ಟ್ ಚಿತ್ರಕಾರರು ಮರ ಬರೀಲಿಲ್ಲ, ನದಿ ಬರೀಲಿಲ್ಲ, ಮರಕ್ಕೂ ಕಣ್ಣಿಗೂ ನಡುವೆ ಇರೋ ಗಾಳೀನ ಬರೆದ್ರು, ಬರ್ಕೊಳ್ಳಿ, ಪರೀಕ್ಷೆಗೆ ಬರುತ್ತೆ ಎಂದು ವಿಶ್ವವಿದ್ಯಾಲಯದ ಮೇಷ್ಟ್ರು ಹೇಳುತ್ತಿದ್ದರು, ಪರೀಕ್ಷೆಗೆ ಬಂತು, ಉತ್ತರ ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡಳು, ಅರ್ಥ ಮಾತ್ರ ಈಗ ಆಗುತ್ತಿದೆ, ನಡುವೆ ಇರುವ ಗಾಳಿ ಎಷ್ಟು ದಪ್ಪ ಇರಬಹುದು ಎನ್ನುವುದು. ಯಾರೋ ಬಯಲಿನಲ್ಲಿ ನಿಂತು, ಬೆರಳು ಮರಗಟ್ಟಿ, ಈ ಬೆಳಕು ಜಾರುವ ಮುಂಚೆ ಎಂದು ಓಡೋಡಿ ಬರೆದಿದ್ದಾರೆ, ಆಕಾಶದ ಬಣ್ಣದಲ್ಲಿ ಒಂದು ಸೊಳ್ಳೆಯ ರೆಕ್ಕೆ ಅಂಟಿಕೊಂಡಿದೆ, ನೀರಿನ ಬಣ್ಣದಲ್ಲಿ ಮರಳಿನ ಕಾಳು, ಕಪ್ಪು ಎಂಬುದು ಇಡೀ ಚಿತ್ರದಲ್ಲಿ ಎಲ್ಲೂ ಇಲ್ಲ, ಮರದ ನೆರಳುಗಳೆಲ್ಲ ನೇರಳೆ, ಬೂದಿಯಲ್ಲಿ ಅದ್ದಿ ತೆಗೆದಂಥ ಒಂದು ನೇರಳೆ, ಚಳಿಗೆ ಕಟ್ಟಿದ ತುಟಿಯ ಬಣ್ಣ — ತುಟಿ ಬೇಡ, ತುಟಿಯ ಬಣ್ಣದ ಯೋಚನೆ ಬೇಡ, ಬಿಳಿ ಬಟ್ಟೆಯನ್ನು ಮುಖದಿಂದ ಸರಿಸಿದವರು ಇವರೇನಾ ನೋಡಿ ಎಂದಿದ್ದರು, ನೋಡಿದ್ದಳು, ಹೌದು ಎಂದಿದ್ದಳು, ಅಲ್ಲಿಂದ ಇಲ್ಲಿಯವರೆಗೆ ಕಣ್ಣಲ್ಲಿ ಒಂದು ಹನಿ ಬಂದಿಲ್ಲ, ಬರುವುದಿಲ್ಲ, ಎಂಜಲು ಬರುತ್ತದೆ, ಅಷ್ಟು ಸಾಕು ಕೆಲಸಕ್ಕೆ. ಈ ಕೆಲಸದಲ್ಲಿ ಒಂದು ಪದ್ಧತಿ ಇದೆ, ಎಲ್ಲವನ್ನೂ ಒರೆಸಿದರೂ ಒಂದು ಪುಟ್ಟ ಚೌಕವನ್ನು ಕೊಳೆಯ ಸಮೇತ ಹಾಗೇ ಬಿಡಬೇಕು, ಬೆಂಕಿಪೊಟ್ಟಣದಷ್ಟು, ಎಷ್ಟು ಕೊಳೆ ಇತ್ತು ಎನ್ನುವುದಕ್ಕೆ ಸಾಕ್ಷಿಯಾಗಿ, ಚೌಕಟ್ಟು ಹಾಕುವ ದಿನ ಕೊನೆಯದಾಗಿ ಅದನ್ನೂ ಒರೆಸಬೇಕು. ಎಲ್ಲಿ ಬಿಡಬೇಕೆಂದು ಆರಿಸುವುದು ಒರೆಸುವವರ ಇಷ್ಟ. ಅವಳು ಆಚೆ ದಂಡೆಯನ್ನು ಆರಿಸಿದಳು. ಸುತ್ತಲೂ ಬೆಳಗಾಗಿ, ಆ ಚೌಕದೊಳಗೆ ಮಾತ್ರ ಇನ್ನೂ ಸಂಜೆ, ಆ ಸಂಜೆಯೊಳಗೆ ಅವನು, ಸಂಜೆಯಾದರೆ ಮನುಷ್ಯರು ಮನೆಗೆ ಬರುತ್ತಾರೆ, ಬೆಳಗಾದರೆ ಹೋಗುತ್ತಾರೆ, ಇಷ್ಟು ಸರಳ ಲೆಕ್ಕ.

ಇದಾ, ಇದಾ? ಎಂದು ಗಂಡ ಕೇಳುತ್ತಿದ್ದ, ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು ಅವನ ಕಸುಬು, ಕತ್ತಲೆ ಕೋಣೆ, ಎತ್ತರದ ಕುರ್ಚಿ, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು, ಕಿಟ್ ಎಂದು ಒಂದು ಗಾಜು, ಇದಾ, ಕಿಟ್ ಎಂದು ಇನ್ನೊಂದು, ಇದಾ, ಯಾವುದರಲ್ಲಿ ಚೆನ್ನಾಗಿ ಕಾಣುತ್ತೆ, ಅವಳು ಎರಡೂ ಒಂದೇ ಥರ ಇದೆಯಲ್ಲ ಎಂದಳು, ಹಾಗಾದ್ರೆ ಮೊದಲಿಂದ ಶುರು ಮಾಡೋಣ ಎಂದ, ಮತ್ತೆ ಮೊದಲಿಂದ, ಮತ್ತೂ ಒಂದು ಸಲ ಮೊದಲಿಂದ, ಹೊರಗೆ ಕಾಯುತ್ತಿದ್ದವರು ಕೆಮ್ಮತೊಡಗಿದ್ದರು, ಮದುವೆಯಾದ ಮೇಲೆ ಬಾಯಿ ಬಿಟ್ಟ ಕಳ್ಳ, ನಿನ್ನ ಕಣ್ಣು ಮೊದಲನೇ ಸಲಾನೇ ಸರಿಯಾಗಿದ್ವು ಮಾರಾಯ್ತಿ, ನೋಡೋ ರೀತಿಯಲ್ಲಿ ಸ್ವಲ್ಪ ಐಬು ಅಷ್ಟೆ. ಐಬು ಇತ್ತು. ಇಲ್ಲದಿದ್ದರೆ ಆ ಬೆಳಗ್ಗೆ ಕಂಡದ್ದೇನೆಂದು ಗೊತ್ತಾಗುತ್ತಿತ್ತು — ಅಡುಗೆಮನೆಯ ಕಿಟಕಿ, ಕೈಯಲ್ಲಿ ಒದ್ದೆ ಲೋಟ, ಕೆಳಗಿನ ಓಣಿಯಲ್ಲಿ ಮಂಜು, ಅಂಥ ಮಂಜು ಆ ವರ್ಷವೆಲ್ಲ ಬಿದ್ದಿರಲಿಲ್ಲ, ಅವನು ಹೊರಟ, ಕೋಟಿನ ಬಣ್ಣ ಮೊದಲು ಹೋಯಿತು, ಆಮೇಲೆ ಕಾಲು ಹೋದವು, ಓಣಿಯ ಕೊನೆಯ ದೀಪದ ಕಂಬದ ಹತ್ತಿರ ಹೋಗುವಷ್ಟರಲ್ಲಿ ಅವನು ಮೂರೋ ನಾಲ್ಕೋ ಎಳೆತವಾಗಿದ್ದ, ಅಲ್ಲಿ ನಿಂತ, ನಿಂತದ್ದು ಖಂಡಿತ, ನಿಂತು ತಿರುಗಿ ಕಿಟಕಿಯ ಕಡೆ ನೋಡಿದನೋ ಅಥವಾ ಬೆನ್ನು ಹಾಕಿಯೇ ಕೊರಳಪಟ್ಟಿ ಎಳೆದುಕೊಂಡನೋ, ಇದಾ, ಇದಾ, ಗೊತ್ತಿಲ್ಲ, ಮಂಜು ಮುಚ್ಚಿತು, ತಿರುವಿನ ಆಚೆ ಲಾರಿ ಇತ್ತು. ಸದ್ದು ಕೂಡ ಕೇಳಲಿಲ್ಲ, ಮಂಜು ಸದ್ದನ್ನೂ ಕುಡಿಯುತ್ತದೆ, ಅವಳು ಲೋಟ ಒರೆಸಿ ಬೋರಲಾಗಿಟ್ಟಳು. ಹೋಗುವಾಗ ತಿರುಗಿ ನೋಡಿದ್ನೇನೇ? ಎಂದು ಕೇಳಿದವಳು ಅತ್ತೆ ಒಬ್ಬಳೇ, ಉಳಿದವರೆಲ್ಲ ಊಟ ಆಯ್ತಾ, ನಿದ್ದೆ ಬಂತಾ, ಮುಂದೇನು ಎಂದು ಕೇಳುವವರು. ಮಂಜಿತ್ತು ಅತ್ತೆ, ಕಾಣ್ಲಿಲ್ಲ. ನಿಂಗೇ ಕಾಣ್ಲಿಲ್ಲ ಅಂದ್ರೆ, ಪೊರೆ ಬಂದಿರೋದು ನನ್ನ ಕಣ್ಣಿಗೋ ನಿನ್ನ ಕಣ್ಣಿಗೋ? ಅತ್ತೆಯ ಎರಡು ಕಣ್ಣಿಗೂ ಪೊರೆ, ಹಳದಿ ಪೊರೆ, ಮಗ ಇದ್ದಾಗ ಬೇಡಿಕೊಂಡಿದ್ದ, ಅಮ್ಮಾ ಊರಿಗೆಲ್ಲ ಕನ್ನಡಕ ಹಾಕ್ತೀನಿ, ನೀನು ಬಾಗಿಲು ಅಂತ ಬೀರುವಿನೊಳಗೆ ಹೋಗ್ತೀಯ, ತೆಗೆಸಿಕೋ, ಆಗ ಸೋಮಾರಿತನ, ಈಗ ಹಟ. ಪೊರೆ ಇರ್ಲಿ ಬಿಡೇ, ಬಾಗಿಲಲ್ಲಿ ಯಾರೇ ನಿಂತ್ರೂ ಒಂದು ಗಳಿಗೆ ಅವನೇ ಅನ್ಸುತ್ತೆ, ಪೇಪರಿನವನಾದ್ರೂ ಅವನೇ, ಕೊಳಾಯಿ ರಿಪೇರಿಯವನಾದ್ರೂ ಅವನೇ, ಆಮೇಲೆ ಬಾಯಿ ಬಿಡ್ತಾರೆ ಹಾಳಾದೋರು. ಹೀಗೆಂದು ನಗುತ್ತಾಳೆ ಅತ್ತೆ, ನಗುತ್ತ ಬಾಗಿಲ ಕಡೆಗೇ ಮುಖ ಮಾಡಿ ಕೂರುತ್ತಾಳೆ, ಸಂಜೆ ಸೊಸೆ ಮನೆಗೆ ಬಂದು ಹೊಸ್ತಿಲಲ್ಲಿ ನಿಂತಾಗ ಆ ಮುಖ ಅರಳುತ್ತದೆ, ಸೊಸೆ ಚಪ್ಪಲಿ ಬಿಡುವ ಸದ್ದಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ, ಆ ಒಂದು ಗಳಿಗೆಯನ್ನು ಉದ್ದ ಮಾಡಲೆಂದು ಅವಳು ಈಚೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ, ಅತ್ತೆ ಆ ಮಬ್ಬಿನೊಳಗಿಂದ ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ, ತಾನು ಯಾರೆಂದು ಸೊಸೆಗೂ ಆಗ ಅನುಮಾನ ಬರುತ್ತದೆ.

ಏನಮ್ಮಾ, ಕೆನ್ನೆ ಮೇಲಿನ ಮಚ್ಚೆ ಥರ ಅದನ್ನ ಇನ್ನೂ ಸಾಕ್ತಾ ಇದ್ದೀಯಲ್ಲ — ಇದು ಭೂತಗನ್ನಡಿ ಎಂದು ಹೆಸರು ಬಿದ್ದ ಅವಳ ಮೇಲಧಿಕಾರಿ, ವರ್ಧಕ ಗಾಜಿನ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡೇ ಊಟ ಮಾಡುವವರು, ಮನೆಯಲ್ಲಿ ಹೆಂಡತಿಯನ್ನೂ ಅದರಲ್ಲೇ ನೋಡುತ್ತಾರಂತೆ, ಅದಕ್ಕೇ ಅಷ್ಟು ಜಗಳವಂತೆ, ಬೆಳಗ್ಗೆ ಒಮ್ಮೆ ಬಂದು ಇಣುಕಿ ಹೋದರು, ಸಾಯಂಕಾಲ ಬಡಗಿ ಚೌಕಟ್ಟು ತರ್ತಾನೆ, ಅಷ್ಟರಲ್ಲಿ ಒರೆಸಿಬಿಡು. ಸರ್, ಅಲ್ಲೊಬ್ಬ ಮನುಷ್ಯ ಇದ್ದಾನೆ. ಇದ್ದಾನಲ್ಲ, ನೇರಳಾತೀತ ದೀಪದಲ್ಲಿ ಇಬ್ಬರೂ ನೋಡಿದ್ವಲ್ಲ, ವಾರ್ನಿಷ್ ಮೇಲೆ ಕೂತಿದ್ದಾನೆ ಅವನು, ಚಿತ್ರ ಮುಗಿದು ವಾರ್ನಿಷ್ ಬಳಿದು ಒಣಗಿದ ಮೇಲೆ ಬಂದವನು, ಯಾವನೋ ಅಂಗಡಿಯವನು ಖಾಲಿ ದಂಡೆ ಮಾರಾಟವಾಗಲ್ಲ ಅಂತ ಒಬ್ಬನನ್ನ ತಂದು ನಿಲ್ಲಿಸಿದ್ದಾನೆ, ತೇಪೆ ಅದು, ತೇಪೆಗೆಲ್ಲ ಕರುಣೆ ತೋರಿಸಿದ್ರೆ ನಮ್ಮ ಕಸುಬು ಉಳಿಯುತ್ತಾ? ನೋಡಿದ್ದಳು, ಹೌದು, ಪರದೆಗಳನ್ನೆಳೆದು ಆ ದೀಪ ಹೊತ್ತಿಸಿದರೆ ಹಳೆಯ ವಾರ್ನಿಷ್ ಪಾಚಿಯ ಹಾಗೆ ಹಸಿರಾಗಿ ಹೊಳೆಯುತ್ತದೆ, ಅದು ಒಣಗಿದ ನಂತರ ಅದರ ಮೇಲೆ ಬರೆದದ್ದೆಲ್ಲ ಕಪ್ಪಾಗಿ ಕಾಣುತ್ತದೆ, ಕೊಳದ ಪಾಚಿಯಲ್ಲಿ ಮನುಷ್ಯನ ಆಕಾರದ ಒಂದು ತೂತು ಕಂಡಿತ್ತು, ಅದರ ಆಚೆಗೇನೂ ಇರಲಿಲ್ಲ, ಆ ತೂತು ತನ್ನನ್ನು ನೋಡಿತು ಎಂದು ಅವಳಿಗೆ ಅನ್ನಿಸಿತ್ತು, ಆ ದೀಪವನ್ನು ಅವಳು ಮತ್ತೆ ಹೊತ್ತಿಸಿಲ್ಲ. ಆದರೆ ಸರ್, ಬರೆದವನೇ ಆಮೇಲೆ ಬಂದು ಬರೆದಿದ್ರೆ? ಗೋಡೆಗೆ ತೂಗುಹಾಕಿದ ಮೇಲೂ ಕುಂಚ ತಗೊಂಡು ಬಂದು ಒಂದೆರಡು ಗೆರೆ ಎಳೆಯೋ ಚಿತ್ರಕಾರರು ಇರ್ತಿದ್ರಲ್ಲ. ಇರ್ತಿದ್ರು, ಹಾಗಾದ್ರೆ ಅವನ ನೆರಳೆಲ್ಲಿ? ನೋಡು, ಸೂರ್ಯ ಬಲಕ್ಕಿದ್ದಾನೆ, ಮರಕ್ಕೆ ನೆರಳಿದೆ, ಬೇಲಿ ಗೂಟಕ್ಕೂ ನೆರಳಿದೆ, ಒಂದು ಗೂಟದ ನೆರಳು ಬಿಡದವನು ಮನುಷ್ಯನ ನೆರಳು ಮರೀತಾನಾ? ನೆರಳಿಲ್ಲದೋನು ದೆವ್ವ, ಇಲ್ಲಾ ತೇಪೆ, ನಮ್ಮಲ್ಲಿ ದೆವ್ವಕ್ಕೆ ಹುದ್ದೆ ಇಲ್ಲ. ನಕ್ಕು ಹೋದರು. ನೆರಳಿದ್ದರೆ ಎಡಕ್ಕೆ ಬೀಳಬೇಕಿತ್ತು, ಚೌಕದ ಗೆರೆ ದಾಟಿ ಹುಲ್ಲಿನ ಮೇಲೆ, ಆ ಹುಲ್ಲನ್ನು ಅವಳೇ ಒರೆಸಿದವಳು, ಹೋದ ವಾರ, ಕಣ್ಣು ಕಡ್ಡಿಯ ಮೇಲಿರಲಿಲ್ಲ, ಅವನ ಮೇಲಿತ್ತು, ಅಂದು ಒಂದು ಹತ್ತಿಯ ತುದಿಗೆ ಹಳದಿಯ ಜೊತೆ ಬೇರೇನೋ ಬಂದ ಹಾಗೆ, ಕಣ್ಣಿಗೆ ದಣಿವು ಎಂದುಕೊಂಡು ಡಬ್ಬಿಗೆ ಹಾಕಿದ್ದಳು, ಮರುದಿನ ಹುಡುಕುವಷ್ಟರಲ್ಲಿ ಕಸ ಗುಡಿಸುವಾಕೆ ಡಬ್ಬಿ ಖಾಲಿ ಮಾಡಿ ತೊಳೆದು ಬೋರಲಾಗಿಟ್ಟಿದ್ದಳು. ನೆರಳು ಇತ್ತೋ. ಇರಲಿಲ್ಲವೋ. ತೇಪೆಯಾದರೆ ಒರೆಸಬೇಕು, ಮೂಲವಾದರೆ ಮುಟ್ಟಬಾರದು, ಕಡ್ಡಿ ತಾಗಿಸದೆ ತಿಳಿಯುವುದಿಲ್ಲ, ತಾಗಿಸಿದ ಮೇಲೆ ತಿಳಿದು ಉಪಯೋಗವಿಲ್ಲ. ಬೇಕಾದರೆ ಸರ್ ಇನ್ನೊಂದು ದಿನ ಕೊಡಿ ಎನ್ನಬಹುದು, ಸೂಜಿಮೊನೆಯಷ್ಟು ಬಣ್ಣ ಕೆರೆದು ಮರದ ನೆರಳಿನ ಬಣ್ಣದ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು, ಯಾರಾದರೂ ಹಾಗೇ ಮಾಡುತ್ತಾರೆ, ಆದರೆ ಸೂಜಿಯನ್ನು ಅವನ ಯಾವ ಜಾಗಕ್ಕೆ ಚುಚ್ಚುವುದು, ಭುಜಕ್ಕೋ, ತಲೆಗೋ — ಬಿಳಿ ಬಟ್ಟೆಯ ಕೆಳಗೆ ತಲೆ ಸರಿಯಾಗಿಯೇ ಇತ್ತು, ಏನೂ ಆಗದ ಹಾಗೆ, ಬೈತಲೆ ಕೂಡ ಕೆದರಿರಲಿಲ್ಲ, ಕೊರಳಪಟ್ಟಿ ಮೇಲಕ್ಕೆ ಎಳೆದಿತ್ತೋ ಇಲ್ಲವೋ ನೋಡಲು ಮರೆತಳು, ನೋಡಿದ್ದರೆ ಅಂದೇ ತಿಳಿಯುತ್ತಿತ್ತು.

ಬಡಗಿ ಬಂದಾಯಿತು, ಪಕ್ಕದ ಕೋಣೆಯಲ್ಲಿ ಚೌಕಟ್ಟು ಗೋಡೆಗೆ ತಾಗಿದ ಸದ್ದು, ಏನ್ ತಾಯಿ, ನಿಮ್ಮ ಚಿತ್ರದ ಎಂಜಲು ಸ್ನಾನ ಮುಗೀತಾ, ಮೊಳೆ ಬಾಯಲ್ಲಿ ಕಚ್ಚಿಕೊಂಡೇ ಕೂಗುತ್ತಾನೆ, ಮುಗೀತು ಬಂದೆ ಎನ್ನುತ್ತಾಳೆ, ಅವಳ ದನಿ ಅವಳಿಗೇ ಯಾರೋ ಹೇಳಿದ ಹಾಗೆ ಕೇಳಿಸುತ್ತದೆ, ಇನ್ನೂ ಬೆಳಕಿದೆ, ಎದುರು ಕಟ್ಟಡದ ಕೊನೆಯ ಸಾಲು ಕಿಟಕಿಗಳು ಮಾತ್ರ ಬಿಸಿಲಿಗೆ ಉರಿಯುತ್ತಿವೆ, ಅಲ್ಲಿಂದ ಜಿಗಿದ ಬೆಳಕು ಮೇಜಿನ ಮೇಲೆ, ಸೀಸೆಯ ಮೇಲೆ, ಚೌಕದ ಮೇಲೆ, ಬರುತ್ತಿದ್ದಾನೆ, ಈ ಬೆಳಕಿನಲ್ಲಿ ಸಂಶಯವೇ ಇಲ್ಲ, ಭುಜ ಈ ಕಡೆಗೆ ವಾಲಿದೆ, ಒಂದು ಕಾಲು ಮುಂದಿದೆ, ನೆರಳು ಕಳೆದುಕೊಂಡವನು ಹಗುರವಾಗಿ ನೀರಿನ ಅಂಚಿಗೆ ಬರುತ್ತಿದ್ದಾನೆ, ಇನ್ನೊಂದು ಹೆಜ್ಜೆ ಇಟ್ಟರೆ ಚೌಕದ ಗೆರೆ, ಗೆರೆಯ ಈಚೆ ಬೆಳಗು, ಬಾ, ಎಂದು ಅವಳು ಹೇಳಿದಳೋ ಅಂದುಕೊಂಡಳೋ, ಒಂದು ಕಿಟಕಿ ಆರಿತು, ಇನ್ನೊಂದು ಆರಿತು, ಕೋಣೆಯೊಳಗೆ ಬೂದು ಇಳಿಯಿತು, ಅವನು ನಿಂತ, ಭುಜ ಆಚೆಗೆ ವಾಲಿತು, ಬಣ್ಣ ಮೊದಲು ಹೋಯಿತು, ಆಮೇಲೆ ಕಾಲು ಹೋದವು — ಬೇಡ, ಹೀಗೆ ಅಲ್ಲ, ಇನ್ನೊಂದು ಸಲ ಲೋಟ ಹಿಡಿದು ನಿಲ್ಲಲು ಆಗುವುದಿಲ್ಲ, ತೇಪೆಯೋ ಮೂಲವೋ ಯಾರಿಗೆ ಬೇಕು, ಮುಖ ಇದೆಯೋ ಇಲ್ಲವೋ ಅಷ್ಟು ಹೇಳು, ಕಡ್ಡಿ ನಾಲಿಗೆಗೆ ತಾಗಿತು, ನಾಲಿಗೆಯಿಂದ ಚೌಕಕ್ಕೆ, ಬೆಚ್ಚಗಿನ ಎಂಜಲಿಗೆ ಹೊಗೆಯ ಮಸಿ ಬಿಟ್ಟುಕೊಂಡಿತು, ಹತ್ತಿಯ ತುದಿ ಬೂದು, ಅದು ಬದಿಗೆ, ಇನ್ನೊಂದು ಕಡ್ಡಿ, ಈಗ ಸೀಸೆ, ಗಂಟಲು ಕಚ್ಚುವ ವಾಸನೆ, ಹಳೆಯ ವಾರ್ನಿಷ್ ಕರಗುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ತಿಳಿಯಾಗುತ್ತದೆ, ಒದ್ದೆ ಕಲ್ಲಿನ ಬಣ್ಣ ಏಳುವ ಹಾಗೆ ಎಲ್ಲ ಬಣ್ಣವೂ ಏಳುತ್ತದೆ, ಎದ್ದಿತು, ದಂಡೆ ಎದ್ದಿತು, ಕೋಟು ಎದ್ದಿತು, ಟೋಪಿ ಅದು, ಟೋಪಿಯೇ, ಅದರ ಕೆಳಗೆ, ಕುಂಚದ ತುದಿಯಿಂದ ಒಂದೇ ಸಲ ತಾಗಿಸಿ ತೆಗೆದ ಗುಲಾಬಿ, ಎಳ್ಳಿನಷ್ಟು, ಮುಖ, ಅತ್ತೆ, ಮುಖ ಇದೆ, ತಿರುಗಿದ್ದಾನೆ, ತಿರುಗಿ ನಿಂತು ನೋಡುತ್ತಿದ್ದಾನೆ, ಇತ್ತಲೇ, ಇಷ್ಟು ಹೊತ್ತೂ ಇತ್ತಲೇ — ಆದರೆ ಕೈ ನಿಲ್ಲಲಿಲ್ಲ, ಕಣ್ಣನ್ನು ಕೇಳದೆ ಕೆಲಸ ಮಾಡಲು ಕಲಿತ ಕೈ, ಕಡ್ಡಿಯನ್ನು ಬೆರಳುಗಳ ನಡುವೆ ಅರ್ಧ ಸುತ್ತು ಉರುಳಿಸಿ ಎತ್ತಿಬಿಟ್ಟಿತು, ಆಚೆ ದಂಡೆಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಮಂಜು, ಎಲ್ಲ ಕಡೆಗೂ ಬೆಳಗಾಗಿದೆ, ಯಾರೂ ಇಲ್ಲ, ತಾಯಿ, ತರ್ಲಾ ಚೌಕಟ್ಟು, ಎನ್ನುತ್ತಿದ್ದಾನೆ ಬಡಗಿ, ಹತ್ತಿಯ ತುದಿಯಲ್ಲಿ ಹಳದಿ ಇದೆ, ಹಳದಿಯೊಳಗೆ ನೇರಳೆ, ಅಂಗಡಿಯವನದಲ್ಲ, ಮರದ ನೆರಳುಗಳದೇ ನೇರಳೆ, ಬೂದಿಯಲ್ಲಿ ಅದ್ದಿ ತೆಗೆದದ್ದು, ಚಿತ್ರ ಬರೆದ ಅದೇ ಕೈ ಬೆರೆಸಿದ್ದು, ಬಿಳಿ ಹತ್ತಿಯ ಮೇಲೆ ನೇರಳೆ, ನೇರಳೆಯ ನಡುವೆ ಎಳ್ಳಿನಷ್ಟು ಗುಲಾಬಿ, ತರ್ಲಾ, ತಿರುಗಿಸಿದರೆ ತಿರುಗುತ್ತದೆ, ಕಡ್ಡಿಯ ಜೊತೆಗೇ ತಿರುಗುತ್ತದೆ, ಆ ಕಡೆ, ಈ ಕಡೆ, ಹತ್ತಿಯ ತುದಿ, ನೇರಳೆ, ಎಳ್ಳಿನಷ್ಟು ಗುಲಾಬಿ, ಇನ್ನೂ ಒದ್ದೆ, ಹತ್ತಿಯ ತುದಿ